ಸುರಿನ್ ಗಡಿಗೆ ಹೋಗುವವರಿಗೆ ಅಮರಗುಂಡಪ್ಪನ ಸಲಹೆಗಳು

ಮಸ್ಕಿಯ ಬಸ್ ಸ್ಟ್ಯಾಂಡಿನೆದುರು ಗೊಬ್ಬರದ ಅಂಗಡಿ ಇಟ್ಟಿದ್ದ ಅಮರಗುಂಡಪ್ಪ ತೊಂಬತ್ತಮೂರನೆಯ ಇಸವಿಯಲ್ಲಿ ಥಾಯ್ಲೆಂಡಿಗೆ ಹೋಗಿಬಂದ. ಇದರಲ್ಲಿ ಸುಳ್ಳೇನೂ ಇಲ್ಲ. ಬೆಳೆಗೆ ಹೊಡೆಯುವ ಔಷಧಿಯ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಡೀಲರುಗಳನ್ನೆಲ್ಲ ವಿಮಾನ ಹತ್ತಿಸಿ ಬ್ಯಾಂಕಾಕಿಗೆ ಒಯ್ದದ್ದು ನಿಜ. ಅಲ್ಲಿಂದ ಬಸ್ಸು ಮಾಡಿ, ಕಾಂಬೋಡಿಯಾದ ಗಡಿಗೆ ಹತ್ತಿಕೊಂಡ ಸುರಿನ್ ಎಂಬ ಹಳ್ಳಿಗಾಡಿನ ಸೀಮೆಗೆ ಭತ್ತದ ಗದ್ದೆ ತೋರಿಸಲು ಕರೆದುಕೊಂಡು ಹೋದದ್ದೂ ನಿಜ. ಬಸ್ಸು ಹೊರಟ ಹೊತ್ತಿಗೆ ಅಮರಗುಂಡಪ್ಪ ಮಾತ್ರ ಅದರೊಳಗೆ ಇರಲಿಲ್ಲ. ಅವನು ಹೋಟೆಲಿನ ಪಾಯಖಾನೆಯಲ್ಲಿದ್ದ.

ಅದಕ್ಕೆ ಕಾರಣ ಹೆಂಡತಿ ಶಿವಬಸಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಬುತ್ತಿ. ಆ ದೇಶದಲ್ಲಿ ಕಪ್ಪೆ ತಿನ್ನಿಸುತ್ತಾರೆಂದು ಯಾರೋ ಆಕೆಯ ಕಿವಿಗೆ ಹಾಕಿದ್ದರು. ಹೀಗಾಗಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಒಣ ಚಟ್ನಿಪುಡಿ, ಅದರ ಜೊತೆಗೆ ಸ್ಟೀಲಿನ ಡಬ್ಬಿ ತುಂಬ ಬದನೆಕಾಯಿಯ ಎಣ್ಣೆಗಾಯಿ ಕಟ್ಟಿದ್ದಳು. ರೊಟ್ಟಿಗೂ ಹಿಂಡಿಗೂ ತಿಂಗಳಾದರೂ ಏನೂ ಆಗುವುದಿಲ್ಲ. ಎಣ್ಣೆಗಾಯಿಯ ಮಾತು ಬೇರೆ. ಮದ್ರಾಸಿನ ಸೆಕೆ, ಬ್ಯಾಂಕಾಕಿನ ಸೆಕೆ ಎರಡನ್ನೂ ಉಂಡ ಆ ಡಬ್ಬಿಯ ಮುಚ್ಚಳ ತೆಗೆದಾಗ ಒಳಗಿನಿಂದ ಸಣ್ಣಗೆ ಬುಸ್ಸೆಂದಿತು. ಹೆಂಡತಿಯ ಕೈಯಡುಗೆಯನ್ನು ಪರದೇಶದ ಮೋರಿಗೆ ಚೆಲ್ಲಲು ಮನಸ್ಸು ಬಾರದೆ ಅವನು ಬೆರಳಿನಿಂದ ಬಳಿದು ತಿಂದ. ಮುಂದೆ ಥಾಯ್ಲೆಂಡಿನಲ್ಲಿ ಅವನು ಕಂಡದ್ದು ಪಾಯಖಾನೆಯ ಬಿಳಿಯ ಟೈಲ್ಸಿನ ಗೋಡೆ ಮಾತ್ರ.

ಜೊತೆಯ ಡೀಲರುಗಳು ವಾಪಸು ಬರುವಾಗ ವಿಮಾನದಲ್ಲಿ ಎಲ್ಲ ಹೇಳಿದ್ದರು. ಸುರಿನ್‌ನ ಬೀದಿಯಲ್ಲಿ ಆನೆಗಳು ದನಗಳಂತೆ ಅಡ್ಡಾಡುತ್ತವೆ ಎಂದರು. ತನ್ನನ್ನು ಗೇಲಿ ಮಾಡುತ್ತಿದ್ದಾರೆಂದು ಅಮರಗುಂಡಪ್ಪ ಅದನ್ನು ನಂಬಲಿಲ್ಲ. ಗಡಿಯ ಹತ್ತಿರ ಹಳೆಯ ಯುದ್ಧದ ಬಾಂಬುಗಳು ನೆಲದಲ್ಲಿ ಇನ್ನೂ ಹುಗಿದಿವೆ, ದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿ ಎಂದು ಗೈಡು ಹತ್ತು ಸಲ ಹೇಳಿದನೆಂದೂ ಅಂದರು. ಇದನ್ನು ನಂಬಿದ. ಆದರೆ ಮನೆಯಲ್ಲಿ ಹೇಳಿದರೆ ಹೆಂಡತಿ ಇನ್ನು ಸಿಂಧನೂರಿನ ಆಚೆಗೂ ಕಳಿಸಲಿಕ್ಕಿಲ್ಲ ಎಂದು ನುಂಗಿಕೊಂಡ.

ಊರಿಗೆ ಬಂದ ದಿನ ಶಿವಬಸಮ್ಮ ಅವನ ಬೂಟುಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಗದ್ದಿ ನೋಡಾಕ ಹೋಗಿದ್ರಿ ಅಂತೀರಿ. ಬೂಟಿಗೆ ಒಂದು ಚೂರು ಕೆಸರಿಲ್ಲಲ್ರಿ?"

ನಿಜ ಹೇಳಿದರೆ ಎಣ್ಣೆಗಾಯಿಯ ಮಾತು ಬರುತ್ತಿತ್ತು. ಬಾಗಿಲಲ್ಲಿ ಓಣಿಯ ಹತ್ತೆಂಟು ಮಂದಿ ನಿಂತಿದ್ದರು. "ಅಲ್ಲಿ ಗದ್ದಿಗೆ ಬೂಟು ಹಾಕ್ಕೊಂಡು ಇಳಿಯಂಗಿಲ್ಲ," ಎಂದ ಅಮರಗುಂಡಪ್ಪ. "ಬದುವಿನ ಮ್ಯಾಲೆ ಬಿಟ್ಟು ಬರಿಗಾಲಿಲೆ ಹೋಗಬೇಕು."

ಇದು ಅವನ ಮೊದಲನೆಯ ಸಲಹೆ. ಮುಂದಿನವು ತಾವಾಗಿಯೇ ಹುಟ್ಟಿದವು. ಪಕ್ಕದ ಚಹಾದಂಗಡಿಯ ಪಂಪಣ್ಣ ಫೋಟೊ ಎಲ್ಲಿ ಎಂದು ಕೇಳಿದ್ದಕ್ಕೆ, ಗಡಿಯ ಕಡೆ ಕ್ಯಾಮೆರಾ ಒಯ್ದರೆ ಮಿಲ್ಟ್ರಿಯವರು ಕಸಿದುಕೊಳ್ಳುತ್ತಾರೆ, ಒಯ್ಯಬಾರದು ಎಂಬ ಸಲಹೆ ಹುಟ್ಟಿತು. ಮೊಮ್ಮಕ್ಕಳಿಗೆ ಏನೂ ತರಲಿಲ್ಲವೇ ಎಂದು ಮುದುಕಿಯೊಬ್ಬಳು ಕೇಳಿದ್ದಕ್ಕೆ, ಅಲ್ಲಿ ಏನನ್ನಾದರೂ ಕೊಂಡರೆ ಆ ಊರವರಿಗೆ ಅವಮಾನವಾಗುತ್ತದೆ ಎಂಬುದು ಹುಟ್ಟಿತು. ಆ ಊರು ಹೇಗಿದೆ ಎಂದಾಗ ಮಾತ್ರ ಅವನು ಸ್ವಲ್ಪ ತಡವರಿಸಿ, ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರು ಇರುವ ಆರ್.ಎಚ್. ಕ್ಯಾಂಪನ್ನು ನೆನೆಸಿಕೊಂಡು ವರ್ಣಿಸಿದ. ಮನೆಯ ಹಿಂದೊಂದು ಹೊಂಡ, ಹೊಂಡದಲ್ಲಿ ಮೀನು, ಸುತ್ತ ಬಿದಿರಿನ ಬೇಲಿ, ಎತ್ತ ನೋಡಿದರೂ ಭತ್ತ. ಕೇಳಿದವರು ಎಲ್ಲೋ ಕಂಡಂತಿದೆ ಎಂದು ತಲೆ ತೂಗಿದರು.

ಇಷ್ಟಕ್ಕೇ ನಿಂತಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಜವಳಗೇರಾದ ಸೂಗಪ್ಪ ತನ್ನ ಮಗಳನ್ನು ಅಮರಗುಂಡಪ್ಪನ ಮಗನಿಗೆ ಕೊಡಲು ಒಪ್ಪಿದ. ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಮೇಲೆ ಬಂದ ಘನವಂತ ಆಸಾಮಿ. ಬೇರೆ ಎರಡು ಸಂಬಂಧ ಬಿಟ್ಟು ಇದನ್ನು ಹಿಡಿದದ್ದೇ ಬೀಗರು ಪರದೇಶದ ಗಡಿ ಮೆಟ್ಟಿ ಬಂದವರೆಂಬ ಒಂದೇ ಕಾರಣಕ್ಕೆ. ಲಗ್ನಪತ್ರಿಕೆ ಲಿಂಗಸುಗೂರಿನ ಪ್ರೆಸ್ಸಿನಲ್ಲಿ ಅಚ್ಚಿಗೆ ಕೂತಾಗ, ಅಮರಗುಂಡಪ್ಪನ ಹೆಸರಿನ ಕೆಳಗೆ 'ವಿದೇಶ ಪ್ರವಾಸ ಮಾಡಿದವರು' ಎಂದು ದಪ್ಪಕ್ಷರದಲ್ಲಿ ಸೇರಿಸಿದ್ದೂ ಸೂಗಪ್ಪನೇ. ಸೂಗಪ್ಪನಿಗೆ ಸುಳ್ಳು ಹೇಳುವವರನ್ನು ಕಂಡರೆ ಆಗುತ್ತಿರಲಿಲ್ಲ. ನೀರಿನ ಪಾಳಿಯಲ್ಲಿ ಒಂದು ಸುಳ್ಳು ಹೇಳಿದ ತಮ್ಮನ ಜೊತೆ ಆರು ವರ್ಷದಿಂದ ಮಾತು ಬಿಟ್ಟ ಮನುಷ್ಯ ಅವನು.

ಅಂಥ ಸೂಗಪ್ಪ ಒಂದು ದಿನ ಹೆಂಡತಿ ಜಂಬಮ್ಮನನ್ನು ಕರೆದುಕೊಂಡು ಮಸ್ಕಿಗೆ ಬಂದು, ಕಣ್ಣರಳಿಸಿ ಸುದ್ದಿ ಹೇಳಿದ. ಭತ್ತ ಬೆಳೆಯುವ ರೈತರ ತಂಡವೊಂದನ್ನು ಸರಕಾರದವರು ಅದೇ ಸುರಿನ್‌ಗೆ ಕಳಿಸುತ್ತಿದ್ದಾರೆ. ಸಿಂಧನೂರಿನ ಕೃಷಿ ಸಾಹೇಬರು ತಾಲೂಕಿನಿಂದ ಸೂಗಪ್ಪನ ಹೆಸರು ಕೊಟ್ಟಿದ್ದಾರೆ. ಅವನಿಗೆ ಖುಷಿಗಿಂತ ಅಂಜಿಕೆಯೇ ಹೆಚ್ಚಾಗಿತ್ತು. ಆದರೂ ಮನೆಯಲ್ಲೇ ಬಲ್ಲವರಿರುವಾಗ ಅಂಜುವುದೇಕೆ ಎಂದು ಸಲಹೆ ಕೇಳಲು ಬಂದಿದ್ದ.

ಅಮರಗುಂಡಪ್ಪನಿಗೆ ಹೇಳುವ ಮನಸ್ಸಿರಲಿಲ್ಲ. ಆದರೂ ಹೇಳಿದ. ಬೂಟಿನ ಸಲಹೆ ಕೇಳಿ ಸೂಗಪ್ಪ ಮೆಚ್ಚಿಕೊಂಡ. "ಖರೆ ಐತ್ರಿ ಬೀಗ್ರ. ನಾವೂ ಕಣದಾಗ ಚಪ್ಲಿ ಮೆಟ್ಟಂಗಿಲ್ಲ. ಅನ್ನ ಕೊಡೋ ಜಾಗ." ಕ್ಯಾಮೆರಾ ಮನೆಯಲ್ಲೇ ಬಿಡಲು ಒಪ್ಪಿದ. ಎದುರಾದವರಿಗೆಲ್ಲ ಕೈ ಮುಗಿಯಲು ಒಪ್ಪಿದ. ಆಮೇಲೆ ಯಾರೂ ಇದುವರೆಗೆ ಕೇಳದ ಪ್ರಶ್ನೆ ಕೇಳಿದ.

"ಗಡಿ ಬಂತು ಅಂತ ಹೆಂಗ ತಿಳೀಬೇಕ್ರಿ? ಗ್ವಾಡಿ ಐತೋ, ತಂತಿ ಐತೋ?"

ಅಮರಗುಂಡಪ್ಪ ಗೋಡೆ ನೋಡಿದ, ಜಂತಿ ನೋಡಿದ. ಗೋಡೆಯೆಂದರೆ ಎಷ್ಟೆತ್ತರ ಎನ್ನುತ್ತಾನೆ, ತಂತಿಯೆಂದರೆ ಎಷ್ಟೆಳೆ ಎನ್ನುತ್ತಾನೆ. ಅಷ್ಟರಲ್ಲಿ ಬೆಟ್ಟದ ಮೇಲಿನ ಮಲ್ಲಯ್ಯನ ಗುಡಿಯಲ್ಲಿ ಯಾರೋ ಭಕ್ತರು ಗಂಟೆ ಬಾರಿಸಿದರು.

"ಗಂಟಿ ಐತ್ರಿ," ಎಂದುಬಿಟ್ಟ. "ಗದ್ದಿ ದಾಟಿ ನೆಟ್ಟಗ ಹೋಗ್ರಿ. ಒಂದು ಕಂಬ ಬರತೈತಿ, ಅದಕ ಗಂಟಿ ಕಟ್ಯಾರ. ಮೂರು ಸಲ ಹೊಡದು ನಿಮ್ಮಪ್ಪನ ಹೆಸರು ಕೂಗಬೇಕು. ಇಲ್ಲಂದ್ರ ಆ ಕಡೆ ಸಿಪಾಯಿಗಳು ಕಳ್ಳ ಬಂದಾನಂತ ತಿಳೀತಾರ."

ಯಾವ ಬುದ್ಧಿವಂತ ಇದನ್ನು ನಂಬುತ್ತಾನೆ ಎಂದು ಬೀಗನ ಮುಖ ನೋಡಿದ. ಸೂಗಪ್ಪ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಕಾಲುವೆಯ ನೀರು ತಿರುವಲು ಕತ್ತಲಲ್ಲಿ ಹೋಗುವಾಗ ತಾವೂ ಹೆಸರು ಕೂಗಿಯೇ ಇನ್ನೊಬ್ಬರ ಬದುವಿಗೆ ಕಾಲಿಡುವುದು, ಇಲ್ಲದಿದ್ದರೆ ಬಡಿಗೆಯೇಟು ಬೀಳುತ್ತದೆ, ಒಳ್ಳೆಯ ಪದ್ಧತಿ ಎಂದ. ಊರಿಗೆ ಹೋಗಿ ದಿನಾ ಬೆಳಗ್ಗೆ ಕಾಲುವೆಯ ಏರಿಯ ಮೇಲೆ ನಿಂತು "ಬಸಲಿಂಗಪ್ಪನ ಮಗ ಸೂಗಪ್ಪ ಬಂದೀನಿ" ಎಂದು ಕೂಗಿ ರೂಢಿ ಮಾಡತೊಡಗಿದ. ಸತ್ತುಹೋದ ಬಸಲಿಂಗಪ್ಪನನ್ನು ಮಗ ಯಾಕೆ ಕರೆಯುತ್ತಿದ್ದಾನೆಂದು ನಾಟಿಗೆ ಬಂದ ಹೆಣ್ಣಾಳುಗಳು ಬೆದರಿ ಬದುವಿಗೆ ಹತ್ತಿದರು.

ಸಲಹೆ ಕೇಳಲು ಬಂದ ಅದೇ ದಿನ ಬುತ್ತಿಯ ಮಾತೂ ಬಂದಿತ್ತು. ಬೀಗತಿ ಜಂಬಮ್ಮ ಏನು ಕಟ್ಟಲಿ ಎಂದು ಕೇಳಿದ್ದೇ ತಡ, ಶಿವಬಸಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಳು. ತನ್ನ ಎಣ್ಣೆಗಾಯಿಯಿಂದಲೇ ಗಂಡ ಪರದೇಶದಲ್ಲಿ ಬದುಕಿ ಬಂದದ್ದು, ಅದನ್ನು ತಾನೇ ಮಾಡಿ ಕಳಿಸುತ್ತೇನೆ ಎಂದಳು.

ಅಮರಗುಂಡಪ್ಪ ನಡುವೆ ಬಂದ. "ಎಣ್ಣಿಗಾಯಿ ಬ್ಯಾಡ," ಎಂದ. "ಭಾರ ಆಗತೈತಿ."

"ನೀವು ಡಬ್ಬಿ ಬಳಿದು ತಿಂದು ಬಂದೀರಿ. ನಿಮಗ ಭಾರ ಆಗಲಿಲ್ಲೇನು?"

ಇದಕ್ಕೆ ಅವನ ಬಳಿ ಇದ್ದದ್ದು ಒಂದೇ ಉತ್ತರ. ಅದನ್ನು ಹೇಳಿದರೆ ಹೋಟೆಲು, ಪಾಯಖಾನೆ, ಸಂಬಂಧ, ದಪ್ಪಕ್ಷರ ಎಲ್ಲವೂ ಒಟ್ಟಿಗೆ ಹೊರಗೆ ಬೀಳುತ್ತಿದ್ದವು. ಸೂಗಪ್ಪ ಹೊರಟ ದಿನ ಆ ಡಬ್ಬಿ ಅವನ ಚೀಲದ ಬಾಯಿಯಲ್ಲಿ ಫಳಫಳ ಹೊಳೆಯುತ್ತಿತ್ತು. ಅಮರಗುಂಡಪ್ಪ ಅದನ್ನು ಬಸ್ಸು ಮರೆಯಾಗುವವರೆಗೂ ನೋಡಿದ.

ಆಮೇಲಿನ ದಿನಗಳಲ್ಲಿ ಅವನು ಅಂಗಡಿಯಲ್ಲಿ ಯೂರಿಯಾ ಕೇಳಿದವರಿಗೆ ಡಿಎಪಿ ತೂಗಿಕೊಡತೊಡಗಿದ. ಹೊಟ್ಟೆ ಕೆಟ್ಟರೆ ಗುಳಿಗೆ ಉಂಟು, ಸಾಯುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಸಮಾಧಾನವೂ ಹೆಚ್ಚು ದಿನ ಬಾಳಲಿಲ್ಲ. ಒಂದು ಬೆಳಗ್ಗೆ ಪಂಪಣ್ಣ ಪೇಪರು ಹಿಡಿದು, ಚಹಾ ಕುಡಿಯುತ್ತಿದ್ದವರಿಗೆಲ್ಲ ಕೇಳುವಂತೆ ಒಂದು ಸುದ್ದಿ ಓದಿದ. ಕಾಂಬೋಡಿಯಾದ ಗಡಿಯಲ್ಲಿ ಹುಗಿದ ಬಾಂಬು ತುಳಿದು ಒಬ್ಬ ರೈತ ಕಾಲು ಕಳೆದುಕೊಂಡಿದ್ದ.

"ನೀವು ಹೋದಾಗ ಇದ್ವೇನ್ರಿ ಇವು?" ಎಂದ ಪಂಪಣ್ಣ.

ಅಮರಗುಂಡಪ್ಪ ಚಹಾ ಕುಡಿಯದೆಯೇ ಕಪ್ಪನ್ನು ಬಸಿಯ ಮೇಲೆ ಇಟ್ಟ. ದಾರಿ ಬಿಟ್ಟು ಕಾಲಿಡಬೇಡಿ ಎಂಬ ಒಂದೇ ಒಂದು ನಿಜವಾದ ಸಲಹೆ ಅವನ ಬಳಿ ಇತ್ತು. ಅದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿ ಕಳಿಸಿದ್ದ. ಗದ್ದೆ ದಾಟಿ ನೆಟ್ಟಗೆ ಹೋಗ್ರಿ ಎಂದಿದ್ದ. ಅದೂ ಬರಿಗಾಲಿನಲ್ಲಿ. ಸೂಗಪ್ಪ ಹೇಳಿದ ಮಾತು ಮೀರುವವನಲ್ಲ, ಇಲ್ಲದ ಗಂಟೆಯನ್ನು ಹುಡುಕುತ್ತ ನಡೆದೇ ನಡೆಯುತ್ತಾನೆ. ಮಗಳ ಮದುವೆ ಎದುರಿಗಿರುವ ಒಬ್ಬ ಒಳ್ಳೆಯ ಮನುಷ್ಯನನ್ನು ನಾನು ಕೊಂದೆ ಎಂದುಕೊಂಡ ಅಮರಗುಂಡಪ್ಪ.

ಅವನು ಎದ್ದು ದಾದೇಸಾಬನ ಎಸ್‌ಟಿಡಿ ಬೂತಿಗೆ ಓಡಿದ. ಯಾವ ನಂಬರು ಹಚ್ಚಲಿ ಎಂದು ದಾದೇಸಾಬ ಕೇಳಿದ. ಥಾಯ್ಲೆಂಡಿಗೆ ಹಚ್ಚು ಎಂದ ಅಮರಗುಂಡಪ್ಪ. ಅಲ್ಲಿ ಯಾರಿಗೆ ಎಂದರೆ ಯಾರಿಗಾದರೂ ಸರಿ ಎಂದ. ದಾದೇಸಾಬ ಅವನನ್ನು ಸ್ಟೂಲಿನ ಮೇಲೆ ಕೂಡಿಸಿ ನೀರು ಕೊಟ್ಟ. ಅವನು ಗುಟುಕು ನುಂಗುವಷ್ಟರಲ್ಲಿ ಫೋನು ತಾನಾಗಿಯೇ ರಿಂಗಾಯಿತು. ಜವಳಗೇರಾದ ಮನೆಯಲ್ಲಿ ಫೋನಿಲ್ಲವೆಂದು ಸೂಗಪ್ಪ ಇದೇ ಬೂತಿನ ನಂಬರು ಕೊಟ್ಟು ಹೋಗಿದ್ದ. ರಾಯಚೂರಿನಿಂದ ಯಾರೋ ಮಾತಾಡಿದರು. ರೈತರ ತಂಡ ಮದ್ರಾಸಿಗೆ ಬಂದು ಇಳಿದಿದೆ, ಸೂಗಪ್ಪನವರು ಜೊತೆಗಿಲ್ಲ, ಅಲ್ಲಿಯೇ ಉಳಿದಿದ್ದಾರೆ, ಕಾರಣ ತಿಳಿದುಬಂದಿಲ್ಲ ಎಂದು ಹೇಳಿ ಇಟ್ಟರು.

ಮಧ್ಯಾಹ್ನದ ಹೊತ್ತಿಗೆ ಜವಳಗೇರಾದಿಂದ ಟ್ರ್ಯಾಕ್ಟರು ತುಂಬ ನೆಂಟರು ಬಂದು ಅಮರಗುಂಡಪ್ಪನ ಅಂಗಳದಲ್ಲಿ ಇಳಿದರು. ನಡುವೆ ಜಂಬಮ್ಮ ಕೂತಿದ್ದಳು. ಅಳಲಿಲ್ಲ, ಅಮರಗುಂಡಪ್ಪನ ಮುಖವನ್ನೇ ನೋಡುತ್ತಿದ್ದಳು. ಅದು ಅಳುವುದಕ್ಕಿಂತ ಕಠಿಣವಾಗಿತ್ತು. ಅಲ್ಲಿಯ ಜೈಲು ಹೇಗಿರುತ್ತದೆ ಎಂದು ಒಬ್ಬ ಕೇಳಿದ. ಕಪ್ಪೆ ತಿನ್ನದಿದ್ದರೆ ಹೊಡೆಯುತ್ತಾರೆಯೇ ಎಂದು ಇನ್ನೊಬ್ಬ ಕೇಳಿದ. ಗಂಟೆ ಎರಡೇ ಸಲ ಹೊಡೆದಿದ್ದರೆ ಏನು ಮಾಡುತ್ತಾರೆ ಎಂದು ಸೂಗಪ್ಪನ ಮಾತು ಬಿಟ್ಟ ತಮ್ಮ ಕೇಳಿದ. ಅಣ್ಣನ ಸುದ್ದಿ ಕೇಳಿ ಅವನೂ ಓಡಿ ಬಂದಿದ್ದ. ಊರಿನಲ್ಲಿ ಆ ಗಡಿ ಬಲ್ಲವನು ಒಬ್ಬನೇ ಇದ್ದುದರಿಂದ ಎಲ್ಲ ಪ್ರಶ್ನೆಗಳೂ ಅವನಿಗೇ ಬಂದವು.

ಸಂಜೆ ಸಿಂಧನೂರಿನ ಕೃಷಿ ಸಾಹೇಬರ ಜೀಪೂ ಬಂತು. ಸಾಹೇಬರು ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು, ಮೇಲಿನವರಿಗೆ ವರದಿ ಕಳಿಸಬೇಕು, ಅಲ್ಲಿಯ ಕಾಯಿದೆ ನೀವು ಬಲ್ಲಿರಿ, ಸ್ವಲ್ಪ ವಿವರವಾಗಿ ಹೇಳಿ ಎಂದು ವಿನಯದಿಂದ ಕೇಳಿದರು.

ಆ ವಿನಯವೇ ಅಮರಗುಂಡಪ್ಪನನ್ನು ಮುರಿಯಿತು. ಎದ್ದು ನಿಂತು ಜಂಬಮ್ಮನಿಗೆ ಕೈ ಮುಗಿದ. "ಜಂಬಕ್ಕ, ನಾ ಆ ಗಡಿಗೆ ಹೋಗೇ ಇಲ್ರಿ," ಎಂದ. "ಬ್ಯಾಂಕಾಕಿನ ಹೋಟೆಲಿನ್ಯಾಗ ಮಲಗಿದ್ದೆ. ಗಂಟಿನೂ ಇಲ್ಲ, ಕಂಬಾನೂ ಇಲ್ಲ. ನಾ ಹೇಳಿದ್ದೆಲ್ಲ ಸುಳ್ಳು."

ಅಮರಗುಂಡಪ್ಪ ಕಣ್ಣು ಮುಚ್ಚಿ ಏಟಿಗೆ ಕಾದ. ಬೈಗುಳಕ್ಕೆ ಕಾದ. ಸಂಬಂಧ ಮುರಿಯಿತೆಂಬ ಮಾತಿಗೆ ಕಾದ. ಜಂಬಮ್ಮ ನಿಧಾನವಾಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನನಗ ಧೈರ್ಯ ಬರಲಿ ಅಂತ ಹಿಂಗ ಅನ್ನಾಕತ್ತೀರಿ," ಎಂದಳು. "ಗಡಿ ಅಂದ್ರ ಅಂಜಿಕಿ ಐತಿ ಅಂತ ನಿಮಗ ಗೊತ್ತೈತಿ, ಅದಕ್ಕ ಮುಚ್ಚಾಕತ್ತೀರಿ. ಮುಚ್ಚಬ್ಯಾಡ್ರಿ ಅಣ್ಣ. ಇದ್ದದ್ದು ಹೇಳ್ರಿ."

ಇದ್ದದ್ದನ್ನೇ ಹೇಳುತ್ತಿದ್ದೇನೆಂದು ಅವನು ಎಷ್ಟು ಬಡಕೊಂಡರೂ ನಡೆಯಲಿಲ್ಲ. ಸಾಹೇಬರು ಮುಖ ಗಂಟಿಕ್ಕಿ, ಹೊಣೆ ಬಂದಾಗ ಹಿಂಜರಿಯುವುದು ದೊಡ್ಡವರಿಗೆ ತಕ್ಕುದಲ್ಲ ಎಂದರು. ಪಂಪಣ್ಣ, ನಾವೆಲ್ಲ ಹಾರ ಹಾಕಿ ಬಸ್ ಸ್ಟ್ಯಾಂಡಿನಿಂದ ಕರಕೊಂಡು ಬಂದೇವಲ್ಲ, ಅದು ಸುಳ್ಳೇ ಎಂದು ಕೇಳಿದ. ಬಾಗಿಲಲ್ಲಿದ್ದ ಶಿವಬಸಮ್ಮನಿಗಂತೂ ಸಿಟ್ಟು ಬಂತು. ತನ್ನ ಎಣ್ಣೆಗಾಯಿ ತಿಂದು ಮಲಗಿದರೆಂದು ಹತ್ತು ಮಂದಿಯ ಮುಂದೆ ಹೇಳಲು ಈ ಮನುಷ್ಯನಿಗೆ ಮನಸ್ಸಾದರೂ ಹೇಗೆ ಬಂತು ಎಂದಳು. ಎಣ್ಣೆಗಾಯಿಯ ಹೆಸರನ್ನು ಅವನು ಎತ್ತಿಯೇ ಇರಲಿಲ್ಲ. ಕೊನೆಗೆ ಎಲ್ಲರೂ ಸೇರಿ, ಬೀಗರ ಚಿಂತೆಯಲ್ಲಿ ಇವರಿಗೆ ಉಷ್ಣ ತಲೆಗೆ ಏರಿದೆ ಎಂದು ತೀರ್ಮಾನಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿ ಒಳಗೆ ಮಲಗಿಸಿದರು.

ಎರಡು ದಿನ ಅಮರಗುಂಡಪ್ಪ ಹರಳೆಣ್ಣೆಯ ಕೆಳಗೆ ಮಲಗಿ ಸೂರು ನೋಡಿದ. ನಿಜಕ್ಕೆ ಇಷ್ಟೂ ಬೆಲೆಯಿಲ್ಲದ ಲೋಕದಲ್ಲಿ ಸೂಗಪ್ಪನಿಗೆ ಎರಡೂ ಕಾಲು ಇದ್ದರೆ ಸಾಕು, ನನ್ನ ಮಾನ ಹೋದರೂ ಚಿಂತೆಯಿಲ್ಲ ಎಂದು ಮಲ್ಲಯ್ಯನಿಗೆ ಹರಕೆ ಹೊತ್ತ.

ಮೂರನೆಯ ದಿನ ಜೀಪು ಮತ್ತೆ ಬಂತು. ಸಾಹೇಬರ ಹಿಂದೆ ಸೂಗಪ್ಪ ಇಳಿದ. ಒಂದು ಕಾಲು ಇಳಿಯಿತು, ಮತ್ತೊಂದೂ ಇಳಿಯಿತು. ಅಮರಗುಂಡಪ್ಪ ಎಣಿಸಿಯೇ ಎದ್ದು ಓಡಿದ. ಬೀಗನನ್ನು ತಬ್ಬಿಕೊಂಡು ಮಗುವಿನಂತೆ ಅತ್ತ. ಎಲ್ಲ ಹೇಳಿಬಿಡುತ್ತೇನೆಂದು ಬಾಯಿ ತೆರೆದವನು ಬೀಗನ ಮುಖ ಕಂಡು ತಡೆದ. ಕೆನ್ನೆಗಳು ಒಳಗೆ ಹೋಗಿದ್ದವು. ಧೋತರ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂಡುವಾಗ ಹೊಟ್ಟೆ ಹಿಡಿದುಕೊಂಡು ಬಲು ಹುಷಾರಾಗಿ ಕೂತ. ಹೀಗೆ ಕೂಡುವುದನ್ನು ಅಮರಗುಂಡಪ್ಪ ಬ್ಯಾಂಕಾಕಿನ ಕನ್ನಡಿಯಲ್ಲಿ ಕಂಡಿದ್ದ.

ಮಂದಿ ನೆರೆಯಿತು. ಸೂಗಪ್ಪ ಒಂದು ಸಲ ಎಲ್ಲರನ್ನೂ ನೋಡಿದ. ಅವನ ಬೂಟುಗಳು ಬಾಗಿಲ ಬಳಿ ಇದ್ದವು. ಅವುಗಳ ಮೇಲೆ ಒಂದು ಚೂರು ಕೆಸರಿರಲಿಲ್ಲ.

"ಎಲ್ಲಾ ಬೀಗರು ಹೇಳಿದಂಗ ಐತ್ರಿ," ಎಂದ. "ಸೇಮ್ ನಮ್ಮ ಆರ್.ಎಚ್. ಕ್ಯಾಂಪು. ಬೂಟು ಬದುವಿನ ಮ್ಯಾಲೆ ಬಿಟ್ಟೆ. ನೆಟ್ಟಗ ಹೋದೆ. ಗಂಟಿ ಮೂರು ಸಲ ಹೊಡದೆ, ನಮ್ಮಪ್ಪನ ಹೆಸರು ಕೂಗಿದೆ. ಸಿಪಾಯಿಗಳು ಬಂದು ಕೈ ಹಿಡದು ಕರಕೊಂಡು ಹೋದ್ರು. ನಮ್ಮನ್ಯಾಗ ಎರಡು ದಿನ ಇದ್ದು ಹೋಗ್ರಿ ಅಂತ ಬಿಡಲೇ ಇಲ್ಲ. ಅದಕ್ಕ ತಡ ಆತು."

ಸುಳ್ಳು ಕಂಡರೆ ತಮ್ಮನನ್ನೇ ಬಿಟ್ಟ ಮನುಷ್ಯ ಎದುರಿಗೆ ಕೂತಿದ್ದ. ಆ ತಮ್ಮನೂ ಮುಂದಿನ ಸಾಲಿನಲ್ಲೇ ಕೂತಿದ್ದ.

"ನೋಡ್ರಿ ಮತ್ತ," ಎಂದ ಪಂಪಣ್ಣ. "ಇವರು ಗಂಟಿನೇ ಇಲ್ಲ, ನಾ ಹೋಗೇ ಇಲ್ಲ ಅಂತಿದ್ರು."

ಸೂಗಪ್ಪನ ಮುಖದಲ್ಲಿ ಇದ್ದ ಅಷ್ಟಿಷ್ಟು ರಕ್ತವೂ ಇಳಿಯಿತು. ಅವನು ಬೀಗನ ಕಡೆ ತಿರುಗಿದ. ಮುಳುಗುವವನು ದಂಡೆಯ ಮೇಲಿನವನನ್ನು ನೋಡುವ ನೋಟ ಅದು. "ಹೋಗಿಲ್ಲಂದ್ರ ಗಂಟಿ ಐತಿ ಅಂತ ಹೆಂಗ ಗೊತ್ತಾಗತೈತ್ರಿ?" ಎಂದು ಮೆಲ್ಲಗೆ ಕೇಳಿದ. "ನಾ ಕೈಯಾರ ಹೊಡದು ಬಂದೀನಿ."

ಇದಕ್ಕೆ ಮಂದಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅಮರಗುಂಡಪ್ಪನ ಬಳಿ ಇತ್ತು, ಆದರೆ ಅದಕ್ಕೆ ಆಗಲೇ ಹರಳೆಣ್ಣೆ ಹಚ್ಚಿ ಆಗಿತ್ತು.

ಅಷ್ಟಕ್ಕೇ ಬಿಡದೆ ಸಾಹೇಬರು ಇನ್ನೊಂದು ಮಾತು ತೆಗೆದರು. ತಂಡದವರೆಲ್ಲ ಸುರಿನ್‌ನ ಬೀದಿಯಲ್ಲಿ ಆನೆಗಳನ್ನು ನೋಡಿದೆವು ಎಂದು ಹೇಳುತ್ತಿದ್ದಾರೆ. ನೀವಿಬ್ಬರೂ ಆನೆಯ ಸುದ್ದಿಯನ್ನೇ ಎತ್ತಲಿಲ್ಲವಲ್ಲ ಎಂದರು. ಸೂಗಪ್ಪ ಧೋತರದ ಗಂಟು ಬಿಗಿದುಕೊಂಡ. ಅವನ ತಮ್ಮನು ಅಣ್ಣನನ್ನೇ ದಿಟ್ಟಿಸುತ್ತಿದ್ದ. ಹರಕೆ ಹೊತ್ತ ಅಮರಗುಂಡಪ್ಪನಿಗೆ ಬೇರೆ ದಾರಿ ಕಾಣಲಿಲ್ಲ.

"ನಾವು ಹೋದ ವ್ಯಾಳ್ಯಾಕ್ಕ ಅವು ಹೊಳಿಗೆ ಹೋಗಿರತಾವ್ರಿ," ಎಂದ. "ಮೈ ತೊಳಸಾಕ."

"ಹೌದ್ರಿ, ಹೊಳಿಗೆ ಹೋಗಿದ್ವು," ಎಂದು ಸೂಗಪ್ಪ ಉಸಿರು ಬಿಟ್ಟ. "ಲದ್ದಿ ಮಾತ್ರ ಇತ್ತು."

ಊಟಕ್ಕೆ ಎಲೆ ಹಾಕಿದರು. ಸಾಹೇಬರನ್ನು ನಡುವೆ ಕೂಡಿಸಿ ಬೀಗರಿಬ್ಬರೂ ಅಕ್ಕಪಕ್ಕ ಕೂತರು. ಶಿವಬಸಮ್ಮ ಆಗತಾನೆ ಒಲೆಯಿಂದಿಳಿಸಿದ ಎಣ್ಣೆಗಾಯಿಯನ್ನು ಘಮಘಮ ತಂದು, ಮೊದಲು ಸೂಗಪ್ಪನಿಗೆ, ಆಮೇಲೆ ಗಂಡನಿಗೆ, ಆಮೇಲೆ ಸಾಹೇಬರಿಗೆ ಬಡಿಸಿದಳು. ಸಾಹೇಬರು ಒಂದು ತುತ್ತು ತಿಂದು ಕಣ್ಣು ಮುಚ್ಚಿದರು. ಮುಂದಿನ ತಂಡದಲ್ಲಿ ನಾನೇ ಸುರಿನ್‌ಗೆ ಹೊರಟಿದ್ದೇನೆ ತಾಯಿ, ನನಗೂ ಒಂದು ಡಬ್ಬಿ ಕಟ್ಟಿಕೊಡಬೇಕು ಎಂದು ಕೇಳಿಕೊಂಡರು. ಗಡಿಯಲ್ಲಿ ಗಂಟೆಯನ್ನೂ ತಪ್ಪದೆ ಹೊಡೆಯುತ್ತೇನೆ ಎಂದರು.

"ಆ ಗಂಟಿ ಈಗ ಬಿಚ್ಯಾರ್ರಿ," ಎಂದ ಸೂಗಪ್ಪ ತಟ್ಟನೆ. "ನಾ ಹೊಡದಿದ್ದೇ ಕಡೀದು."

"ದಾರಿ ಬಿಟ್ಟು ಒಂದು ಹೆಜ್ಜಿನೂ ಇಡಬ್ಯಾಡ್ರಿ ಸಾಹೇಬ್ರ," ಎಂದ ಅಮರಗುಂಡಪ್ಪ. "ನೆಲದಾಗ ಬಾಂಬು ಹುಗದಾವ. ಉಳದದ್ದೆಲ್ಲಾ ಮರತರೂ ನಡೀತೈತಿ, ಇದನ್ನ ಮರೀಬ್ಯಾಡ್ರಿ."

"ಆಯ್ತು. ಎಣ್ಣೆಗಾಯಿ?" ಎಂದರು ಸಾಹೇಬರು.

"ಬ್ಯಾಡ," ಎಂದರು ಬೀಗರಿಬ್ಬರೂ ಒಂದೇ ದನಿಯಲ್ಲಿ.

ಶಿವಬಸಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಳು. ಗಂಡನ ಎಲೆ ನೋಡಿದಳು, ಬೀಗನ ಎಲೆ ನೋಡಿದಳು. ಎರಡೂ ಎಲೆಗಳಲ್ಲಿ ಬದನೆಕಾಯಿಯನ್ನು ಮುಟ್ಟದೆ ಅಂಚಿಗೆ ಸರಿಸಿಟ್ಟಿದ್ದರು. ಆಮೇಲೆ ಬಾಗಿಲ ಬಳಿ ಜೋಡಿಸಿಟ್ಟ ಸೂಗಪ್ಪನ ಕೆಸರಿಲ್ಲದ ಬೂಟುಗಳ ಕಡೆ ನೋಡಿದಳು. ಇಬ್ಬರು ಗಂಡಸರೂ ತಲೆ ತಗ್ಗಿಸಿ ಬರಿಯ ಅನ್ನ ಕಲಸುತ್ತಿದ್ದರು.

ಆಕೆ ಬಗ್ಗಿ ಇಬ್ಬರ ಎಲೆಗೂ ಒಂದೊಂದು ಚಮಚ ಶೇಂಗಾ ಹಿಂಡಿ ಹಾಕಿದಳು. ಸಾಹೇಬರಿಗೆ ಕೇಳದಂತೆ, ಗಂಡನ ಕಿವಿಯ ಹತ್ತಿರ ಹೇಳಿದಳು.

"ಅವತ್ತ ಹೇಳಿದ್ರ ಬರೇ ಹಿಂಡಿ ಕಟ್ಟತಿದ್ನಲ್ರಿ."